ಗೋಡೆ ದಾಟಿದ ಗುಂಡು

ಗುಂಡು ನೇರ ಗೋಡೆಗೇ ಹೋಯ್ತು. ಗೋಡೆಗೆ ಏನೂ ಆಗ್ಲಿಲ್ಲ, ಗುಂಡು ಆಚೆ ಕಡೆ! ನಿಮ್ಮ ಗೇಮಲ್ಲೂ ಹೀಗಾಗಿದ್ಯಾ?

ಕೋಡ್‌ಗೆ ಕೈ ಹಾಕೋ ಮೊದಲು ಎರಡರ ಸುತ್ತಲೂ ಕೆಂಪು ಚೌಕ ಬರೆಸಿ. ಗೇಮ್ ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ತಳ್ಳಿ. ಈ ಫ್ರೇಮಲ್ಲಿ ಗುಂಡು ಗೋಡೆಯ ಈಚೆ. ಮುಂದಿನದ್ರಲ್ಲಿ ಆಚೆ. ಮಧ್ಯದಲ್ಲಿ? ಅದು ಇರಲೇ ಇಲ್ಲ!

ಲೆಕ್ಕ ನೋಡಿ. ವೇಗ ಸೆಕೆಂಡಿಗೆ 1800 ಪಿಕ್ಸೆಲ್, ಫ್ರೇಮ್ 60. ಅಂದ್ರೆ ಒಂದು ಹೆಜ್ಜೆಗೆ 30 ಪಿಕ್ಸೆಲ್. ಗೋಡೆ ದಪ್ಪ 12, ಗುಂಡು 8, ಸೇರಿಸಿದ್ರೆ 20. ಹೆಜ್ಜೆ ಅದಕ್ಕಿಂತ ದೊಡ್ಡದು. ಸುಮಾರು ಮೂರರಲ್ಲಿ ಒಂದು ಗುಂಡು ಪಾರು. ಹಳೇ ಫೋನಲ್ಲಿ ಫ್ರೇಮ್ 30ಕ್ಕೆ ಇಳಿದ್ರೆ ಹೆಜ್ಜೆ 60, ಮೂರರಲ್ಲಿ ಎರಡು ಪಾರು. "ನನ್ನ ಫೋನಲ್ಲಿ ಸರಿ ಇದೆಯಲ್ಲ" ಅನ್ನೋ ಗೆಳೆಯನ್ನ ಅದಕ್ಕೇ ನಂಬ್ಬೇಡಿ.

ಗೋಡೆ ದಪ್ಪ ಮಾಡೋದು ಬರೀ ತೇಪೆ. ಗುಂಡಿನ ನಡುವಿನಿಂದ, ಹಳೇ ಜಾಗದಿಂದ ಹೊಸ ಜಾಗಕ್ಕೆ ಗೆರೆ ಎಳೀರಿ. ಗೆರೆ ಗೋಡೆಗೆ ತಾಗಿದ್ರೆ ಡಿಕ್ಕಿ ಆಯ್ತು ಅಂತ ಲೆಕ್ಕ. ಗುಂಡಿಗೂ ಒಂದು ಗಾತ್ರ ಇದೆಯಲ್ಲ, ಅದಕ್ಕೆ ಗೋಡೆಯ ಚೌಕವನ್ನ ನಾಲ್ಕೂ ಕಡೆ 4 ಪಿಕ್ಸೆಲ್ ಹಿಗ್ಗಿಸಿಕೊಂಡೇ ಪರೀಕ್ಷೆ ಮಾಡಿ.