ಫೋನಿನಲ್ಲಿ ಸಾಲ: ಒಪ್ಪಿಗೆ ಒತ್ತುವ ಮುನ್ನ

ಮುಂಗಾರು ಹದವಾಗಿ ಬಿದ್ದಿದೆ. ಸೊಸೈಟಿಯ ಬೆಳೆಸಾಲ ಕೈಸೇರಲು ಇನ್ನೂ ಕೆಲವು ದಿನ ಬೇಕು. ಬಿತ್ತನೆ ಅಷ್ಟು ದಿನ ಕಾಯದು. ಇಂಥ ಹೊತ್ತಿನಲ್ಲಿ ‘ಐದು ನಿಮಿಷದಲ್ಲಿ ಸಾಲ’ ಎಂಬ ಸಂದೇಶ ಫೋನಿಗೆ ಬಂದರೆ ಮನಸ್ಸು ಅತ್ತ ವಾಲುವುದು ಸಹಜ. ಆ ಐದು ನಿಮಿಷದಲ್ಲಿ ರೈತರು ಒಪ್ಪಿಗೆಯ ಗುಂಡಿಯನ್ನು ಹಲವು ಸಲ ಒತ್ತಿರುತ್ತಾರೆ. ಒಪ್ಪಿದ್ದು ಯಾತಕ್ಕೆ ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ.

ಕೆಲವು ಆ್ಯಪ್‌ಗಳು ಫೋನಿನಲ್ಲಿರುವ ನೆಂಟರಿಷ್ಟರ ಹೆಸರು, ನಂಬರು, ಫೋಟೋಗಳನ್ನೆಲ್ಲ ನಕಲು ಮಾಡಿಕೊಳ್ಳುತ್ತಿದ್ದವು. ಕಂತು ತಪ್ಪಿತೆಂದರೆ ಬೀಗರ ಮನೆಗೇ ಕರೆ ಹೋಗುತ್ತಿತ್ತು. ಸಾಲಕ್ಕಿಂತ ಈ ಮಾನಹಾನಿಯೇ ದೊಡ್ಡ ಹೊರೆ.

ಇದನ್ನು ತಡೆಯಲು ಭಾರತೀಯ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮೇ 8ರಂದು ಅದನ್ನು ಮತ್ತಷ್ಟು ಬಿಗಿಗೊಳಿಸಿತು. ಅದರಂತೆ ಸಾಲದ ಆ್ಯಪ್ ನಿಮ್ಮ ಫೋನಿನ ನಂಬರುಗಳ ಪಟ್ಟಿ, ಕರೆಗಳ ವಿವರ, ಫೋಟೋಗಳನ್ನು ಮುಟ್ಟುವಂತಿಲ್ಲ. ಕ್ಯಾಮೆರಾ ಅಥವಾ ಸ್ಥಳದ ಗುರುತನ್ನು ಗ್ರಾಹಕರ ಪರಿಶೀಲನೆಗೆಂದು ಒಮ್ಮೆ ಮಾತ್ರ, ಸ್ಪಷ್ಟ ಒಪ್ಪಿಗೆ ಪಡೆದು ಬಳಸಬಹುದು. ಹಣ ಸಾಲಗಾರರ ಖಾತೆಗೇ ಬರಬೇಕು, ಮರುಪಾವತಿಯೂ ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಹೋಗಬೇಕು. ನಡುವಿನ ಏಜೆಂಟರ ಖಾತೆಗೆ ಕಟ್ಟಿರೆಂದರೆ ಕೂಡಲೇ ಎಚ್ಚರಗೊಳ್ಳಿ. ಖರ್ಚೆಲ್ಲ ಸೇರಿದ ವಾರ್ಷಿಕ ದರವನ್ನು ಮೊದಲೇ ಬರಹದಲ್ಲಿ ತಿಳಿಸಬೇಕು. ಸಾಲ ಬೇಡವೆನಿಸಿದರೆ ಅಸಲನ್ನೂ ಆವರೆಗಿನ ಬಡ್ಡಿಯನ್ನೂ ಕಟ್ಟಿ, ದಂಡವಿಲ್ಲದೆ ಹಿಂದಿರುಗಿಸಲು ಕನಿಷ್ಠ ಒಂದು ದಿನದ ಅವಕಾಶವಿರಬೇಕು.

ಆದರೆ ಈ ಕಟ್ಟಳೆ ಅನ್ವಯಿಸುವುದು ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ಹಿಂದೆ ಯಾವ ಬ್ಯಾಂಕಿದೆ, ಯಾವ ಹಣಕಾಸು ಕಂಪನಿಯಿದೆ ಎಂಬುದನ್ನೇ ಹೇಳದ ಆ್ಯಪ್‌ಗೆ ಲಂಗುಲಗಾಮಿಲ್ಲ. ಅಂಥದ್ದರಲ್ಲಿ ಬಡ್ಡಿ ಎಷ್ಟೇ ಕಡಿಮೆ ಕಂಡರೂ ಕೈಹಾಕಬಾರದು. ಅಧಿಕೃತ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಓದುವ ಮಕ್ಕಳಿಂದ ತೆಗೆಸಿ ನೋಡಿರಿ.

ಈ ಹಕ್ಕಿನ ಬೇರು ನಮ್ಮ ರಾಜ್ಯಕ್ಕೂ ಚಾಚಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿಯೇ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಹಿಂದಿನಿಂದ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಬಂದಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಒಪ್ಪಿಗೆ ಕುರಿತ ಮುಖ್ಯ ವಿಧಿಗಳ ಜಾರಿಗೆ ಹದಿನೆಂಟು ತಿಂಗಳ ಗಡುವು ನೀಡಿದವು. ಆ ವಿಧಿಗಳಂತೆ ಒಪ್ಪಿಗೆ ಕೇಳುವ ಪತ್ರವನ್ನು ಕನ್ನಡದಲ್ಲಿಯೇ ಓದುವ ಆಯ್ಕೆ ಕೊಡಬೇಕು, ಕೊಟ್ಟ ಒಪ್ಪಿಗೆಯನ್ನು ಅಷ್ಟೇ ಸುಲಭವಾಗಿ ಹಿಂಪಡೆಯಲೂ ಬಿಡಬೇಕು. ನಮ್ಮ ದೃಷ್ಟಿಯಲ್ಲಿ ರೈತರಿಗೆ ಕಾಯಿದೆಯ ಉಳಿದೆಲ್ಲ ಭಾಗಗಳಿಗಿಂತ ಇದೇ ಹೆಚ್ಚು ಉಪಯುಕ್ತ.

ಖಾತೆಯಿಂದ ಹಣ ಕದ್ದುಹೋದರೆ ನಾಚಿಕೊಂಡು ಕೂರಬೇಡಿ. ಅಂದೇ 1930ಕ್ಕೆ ಕರೆಮಾಡಿ, ಬ್ಯಾಂಕ್ ಶಾಖೆಗೂ ದೂರು ಕೊಟ್ಟು, ಅದರ ನಂಬರನ್ನು ಪಾಸ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.