ಉದುರದ ಹಾಲುಹಲ್ಲು

ಆರನೆಯ ವಯಸ್ಸಿಗೆ ಅಲುಗಾಡತೊಡಗುವ ಹಾಲುಹಲ್ಲುಗಳು ಹನ್ನೆರಡು–ಹದಿಮೂರರ ಹೊತ್ತಿಗೆಲ್ಲ ಉದುರಿ ಶಾಶ್ವತ ದಂತಗಳಿಗೆ ಎಡೆಮಾಡಿಕೊಡುವುದು ಪ್ರಕೃತಿಯ ಕ್ರಮವಾಗಿರಲು, ಹದಿನೈದು ತುಂಬಿದರೂ ಅವು ಕದಲದೆ ನಿಂತಿರುವ ಮಕ್ಕಳು ಎಲ್ಲೋ ಒಬ್ಬೊಬ್ಬರು ದಂತವೈದ್ಯಕೀಯ ಕಾಲೇಜುಗಳ ಹೊರರೋಗಿ ವಿಭಾಗಕ್ಕೆ ಬರುವುದುಂಟು. “ಓರಗೆಯವರಿಗೆಲ್ಲ ಹೊಸ ಹಲ್ಲು ಬಂತು ಡಾಕ್ಟ್ರೇ, ಇವನಿಗೆ ಮಾತ್ರ ಇಲ್ಲ” ಎಂದು ತಾಯಿ ಆಡುವ ಆ ಮಾತಿನ ಹಿಂದೆ, ಸುಮಾರು ಹತ್ತು ಲಕ್ಷ ಜನರಲ್ಲಿ ಒಬ್ಬರಿಗೆ ಇರುವುದೆಂದು ಅಂದಾಜಿಸಲಾದ ಆನುವಂಶಿಕ ವ್ಯಾಧಿಯೊಂದು ಅಡಗಿರಬಹುದೆಂಬುದು ಎದುರಿಗೆ ನಿಂತ ವಿದ್ಯಾರ್ಥಿಗೆ ಹೊಳೆಯಬೇಕು.

ಅದರ ಹೆಸರು ಕ್ಲೈಡೋಕ್ರೇನಿಯಲ್ ಡಿಸ್ಪ್ಲಾಸಿಯಾ. 1898ರಲ್ಲಿ ಪಿಯೆರ್ ಮಾರಿ ಮತ್ತು ಪಾಲ್ ಸೇಂಟನ್ ಎಂಬ ಫ್ರೆಂಚ್ ವೈದ್ಯರು ವಿವರಿಸಿದ ಈ ವ್ಯಾಧಿಯ ಮೂಲವು, ಆರನೆಯ ವರ್ಣತಂತುವಿನಲ್ಲಿದ್ದು ಎಲುಬು ಕಟ್ಟುವ ಕೋಶಗಳನ್ನು ನಿಯಂತ್ರಿಸುವ ರಂಕ್ಸ್–2 ಎಂಬ ಜೀನಿನ ದೋಷದಲ್ಲಿದೆಯೆಂಬುದು 1997ರಲ್ಲಿ ತಿಳಿದುಬಂದಿತು. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ತಲೆದೋರುವುದೂ ಉಂಟು. ಬುದ್ಧಿಗೆ ಸಾಮಾನ್ಯವಾಗಿ ಇದರಿಂದ ಕುಂದಿಲ್ಲ.

ನೆತ್ತಿಯ ಮೃದುಭಾಗ ಬಹುಕಾಲ ಕೂಡಿಕೊಳ್ಳದಿರುವುದು, ಹಣೆ ಮುಂಚಾಚುವುದು, ಕೊರಳೆಲುಬು ಅರೆಬರೆಯಾಗಿ ಬೆಳೆಯುವುದು ಅಥವಾ ಇಲ್ಲದೆಯೇ ಹೋಗುವುದು ಇದರ ಲಕ್ಷಣಗಳು. ಆದರೆ ಎರಡೂ ದವಡೆಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಓ.ಪಿ.ಜಿ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗಲೇ ವಿಷಯದ ಗಾಂಭೀರ್ಯ ತಿಳಿಯುವುದು: ಹಾಲುಹಲ್ಲುಗಳ ಸಾಲಿನಾಚೆ ಎಲುಬಿನೊಳಗೆ ಶಾಶ್ವತ ದಂತಗಳಷ್ಟೇ ಅಲ್ಲದೆ, ಲೆಕ್ಕಕ್ಕೆ ಮೀರಿದ ಹೆಚ್ಚುವರಿ ಹಲ್ಲುಗಳೂ ಒಂದಕ್ಕೊಂದು ಒರಗಿ, ಅಡ್ಡಡ್ಡ ತಿರುಗಿ, ಹೊರಬರಲು ದಾರಿ ಕಾಣದೆ ನಿಂತಿರುತ್ತವೆ. ಎಲುಬು ಕರಗಿ ದಾರಿ ಬಿಡುವ ಕ್ರಿಯೆಯೇ ಮಂದವಾಗಿರುವುದರಿಂದ, ಹಾಲುಹಲ್ಲನ್ನು ಕಿತ್ತಮಾತ್ರಕ್ಕೆ ಒಳಗಿನ ಹಲ್ಲು ತಾನಾಗಿ ಮೂಡಿಬರುವುದಿಲ್ಲ. ಈ ಒಂದು ಸಂಗತಿಯನ್ನರಿಯದೆ ಇಕ್ಕಳ ಹಿಡಿದರೆ, ಹುಡುಗ ಇದ್ದ ಹಲ್ಲನ್ನೂ ಕಳೆದುಕೊಂಡು ಬೊಚ್ಚುಬಾಯಿಯಾಗುವನು.

ನಮ್ಮ ಬಿ.ಡಿ.ಎಸ್. ವಿದ್ಯಾರ್ಥಿಗಳು ಓರಲ್ ಪೆಥಾಲಜಿಯ ಪಾಠದಲ್ಲಿ ಈ ಹೆಸರನ್ನು ಓದಿರುತ್ತಾರೆ, ವೈವಾದಲ್ಲಿ ಕೇಳಿದರೆ ಹೇಳಿಯೂಬಿಡುತ್ತಾರೆ. ಆದರೆ ಪಠ್ಯಪುಸ್ತಕದ ಚಿತ್ರದಲ್ಲಿ ಹೆಗಲು ಬಟ್ಟೆಯಿಲ್ಲದೆ ಕಾಣುವುದು. ಕುರ್ಚಿಯಲ್ಲಿ ಬಾಯಿತೆರೆದು ಒರಗಿದ ಹುಡುಗನ ಹೆಗಲು ಅಂಗಿಯೊಳಗಿರುವುದು. “ಮರೀ, ಎರಡೂ ಹೆಗಲು ಮುಂದಕ್ಕೆ ತಾ ನೋಡೋಣ” ಎಂದು ಕೇಳುವ ಅಭ್ಯಾಸವಿದ್ದರೆ, ಕೊರಳೆಲುಬಿಲ್ಲದ ಮಗು ಅವೆರಡನ್ನೂ ಎದೆಯ ಮುಂದೆ ಹೆಚ್ಚುಕಡಿಮೆ ಮುಟ್ಟಿಸಿಯೇ ತೋರಿಸಬಹುದು. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಪೇಷೆಂಟಿನ ಮುಂದೆ ನಿಂತು ಒಮ್ಮೆಯಾದರೂ ಮಾಡಿ ಕಲಿಯಬೇಕೆಂಬುದು ನನ್ನ ಆಗ್ರಹ.

ಬೇಗ ತಿಳಿದರೆ ಮಾಡಬಹುದಾದದ್ದು ಬಹಳವಿದೆ. ಟೊರಾಂಟೊ–ಮೆಲ್ಬರ್ನ್, ಬೆಲ್‌ಫಾಸ್ಟ್–ಹ್ಯಾಂಬರ್ಗ್, ಜೆರುಸಲೇಮ್ ಎಂದು ನಗರಗಳ ಹೆಸರಿನಿಂದಲೇ ಕರೆಯುವ ಪದ್ಧತಿಗಳು, ಶಸ್ತ್ರಕ್ರಿಯೆ ಎಷ್ಟು ಬಾರಿ, ಯಾವ ವಯಸ್ಸಿಗೆ ಎಂಬುದರಲ್ಲಿ ಭಿನ್ನವಾದರೂ, ಹೆಚ್ಚುವರಿ ಹಲ್ಲುಗಳನ್ನು ತೆಗೆದು, ಹುದುಗಿದವನ್ನು ತೆರೆದು, ಕ್ಲಿಪ್ಪು ತಂತಿಗಳಿಂದ ಮೆಲ್ಲಮೆಲ್ಲನೆ ಸಾಲಿಗೆ ಎಳೆತರುವುದರಲ್ಲಿ ಏಕಮತವಾಗಿವೆ. ವರ್ಷಗಟ್ಟಲೆ ಹಿಡಿಯುವ ಈ ಚಿಕಿತ್ಸೆಯನ್ನು ಬಾಲ್ಯದಲ್ಲೇ ಯೋಜಿಸಬೇಕು. ಆದುದರಿಂದ ಒಬ್ಬನಲ್ಲಿ ರೋಗ ಗುರುತಿಸಿದ ವಿದ್ಯಾರ್ಥಿ, ಅವನ ಪುಟ್ಟ ತಮ್ಮ ತಂಗಿಯರನ್ನೂ ಮುಂದಿನ ಭೇಟಿಗೆ ಕರೆತರಲು ಹೇಳಿ ಕಳುಹಿಸತಕ್ಕದ್ದು.