ವಿಳಂಬಿತ ಆಯ್ಕೆಯ ಪ್ರಯೋಗಗಳು: ವರ್ತಮಾನವು ಭೂತವನ್ನು ಪ್ರಭಾವಿಸಬಲ್ಲುದೇ?

ಕಾರಣ ಮೊದಲು, ಕಾರ್ಯ ಅನಂತರ ಎಂಬುದು ಕೇವಲ ಲೋಕರೂಢಿಯ ನಂಬಿಕೆಯಲ್ಲ. ಭೌತವಿಜ್ಞಾನದ ಬಹುಪಾಲು ವಿವರಣೆಗಳು ನಿಂತಿರುವ ತಳಹದಿಯೂ ಅದೇ. ಈ ತಳಹದಿಯನ್ನೇ ಕ್ವಾಂಟಂ ಸಿದ್ಧಾಂತವು ಅಲುಗಿಸಿದೆಯೆಂಬ ಮಾತು ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಇಂದಿನ ಆಯ್ಕೆಯೊಂದು ಆಗಿಹೋದ ಘಟನೆಯನ್ನು ತಿದ್ದುತ್ತದೆ ಎಂದು ಹೇಳುವಷ್ಟರ ಮಟ್ಟಿಗೆ ಅದು ಬೆಳೆದಿದೆ. ಇದಕ್ಕೆ ಆಧಾರವಾಗಿ ತೋರಿಸುವ ಪ್ರಯೋಗಗಳು ನಿಜವಾದವು, ಎಚ್ಚರದಿಂದ ನಡೆಸಿದಂಥವು. ಅವುಗಳಿಂದ ತೆಗೆಯುವ ತೀರ್ಮಾನ ಮಾತ್ರ ಪ್ರಯೋಗದ ಫಲಿತಾಂಶವನ್ನು ಮೀರಿದ್ದು.

ಚರ್ಚೆಯ ಮೂಲ 1978ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಆರ್ಚಿಬಾಲ್ಡ್ ವೀಲರ್ (1911–2008) ಮುಂದಿಟ್ಟ ಕಲ್ಪನಾ ಪ್ರಯೋಗದಲ್ಲಿದೆ. ಅದರ ಸರಳ ರೂಪ ಹೀಗಿದೆ: ಅರ್ಧ ಬೆಳಕನ್ನು ಪ್ರತಿಫಲಿಸಿ ಉಳಿದರ್ಧವನ್ನು ಹಾಯಗೊಡುವ ಅರೆಪಾರಕ ದರ್ಪಣವೊಂದಕ್ಕೆ ಒಂದೊಂದೇ ಫೋಟಾನನ್ನು ಕಳುಹಿಸಲಾಗುತ್ತದೆ. ಅಲ್ಲಿಂದ ಎರಡು ದಾರಿಗಳು ಹೊರಟು, ದೂರದಲ್ಲಿ ಮತ್ತೆ ಒಂದನ್ನೊಂದು ಹಾಯುತ್ತವೆ. ಆ ಸಂಧಿಸ್ಥಾನದಲ್ಲಿ ಏನೂ ಇಲ್ಲದಿದ್ದರೆ, ಅದರಾಚೆಯ ಎರಡು ಶೋಧಕಗಳಲ್ಲಿ ಯಾವುದಾದರೊಂದು ಮಾತ್ರ ಸದ್ದು ಮಾಡುತ್ತದೆ. ಫೋಟಾನು ಬಂದ ದಾರಿ ತಿಳಿಯಿತೆಂದು ಹೇಳಲು ಮನಸ್ಸು ಹಾತೊರೆಯುತ್ತದೆ. ಅದೇ ಸ್ಥಾನದಲ್ಲಿ ಎರಡನೆಯ ಅರೆಪಾರಕ ದರ್ಪಣವನ್ನಿಟ್ಟು ದಾರಿಗಳ ಉದ್ದವನ್ನು ಸರಿಹೊಂದಿಸಿದರೆ, ಎಲ್ಲ ಫೋಟಾನುಗಳೂ ಒಂದೇ ಶೋಧಕವನ್ನು ಸೇರುತ್ತವೆ. ಇದು ವ್ಯತಿಕರಣದ ಫಲ. ಎರಡೂ ದಾರಿಗಳ ಪಾಲು ಇಲ್ಲದೆ ಇದು ಸಾಧ್ಯವಿಲ್ಲ. ವೀಲರ್ ಕೇಳಿದ ಪ್ರಶ್ನೆ ಇಷ್ಟೇ: ಫೋಟಾನು ಮೊದಲನೆಯ ದರ್ಪಣವನ್ನು ದಾಟಿಯಾದ ಮೇಲೆ, ಎರಡನೆಯದನ್ನು ಇಡಬೇಕೋ ಬೇಡವೋ ಎಂದು ನಿರ್ಧರಿಸಿದರೆ ಏನಾಗುತ್ತದೆ?

ಇದನ್ನು ಅತ್ಯಂತ ನಿಷ್ಠೆಯಿಂದ ಕಾರ್ಯರೂಪಕ್ಕೆ ತಂದದ್ದು ಫ್ರಾನ್ಸಿನ ಕಾಶಾನ್ ಎಂಬಲ್ಲಿ. ಝಾಂ-ಫ್ರಾಂಸ್ವಾ ರಾಕ್, ಫಿಲಿಪ್ ಗ್ರಾಂಜಿಯೆ, ಅಲೆನ್ ಆಸ್ಪೆ ಮೊದಲಾದವರ ತಂಡ ತನ್ನ ಫಲಿತಾಂಶವನ್ನು 2007ರಲ್ಲಿ ಪ್ರಕಟಿಸಿತು. ವಜ್ರದ ಸೂಕ್ಷ್ಮ ಹರಳಿನೊಳಗಿನ ಒಂದು ದೋಷಸ್ಥಾನದಿಂದ ಒಂದೊಂದಾಗಿ ಹೊರಟ ಫೋಟಾನುಗಳು 48 ಮೀಟರ್ ಉದ್ದದ ಉಪಕರಣವನ್ನು ಹಾಯ್ದವು. ಬೆಳಕಿಗೆ ಅಷ್ಟು ದೂರ ಕ್ರಮಿಸಲು ಸುಮಾರು 160 ನ್ಯಾನೊಸೆಕೆಂಡು, ಅಂದರೆ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ 160, ಸಾಕು. ಆ ಅಲ್ಪಾವಧಿಯೊಳಗೇ ಯಾದೃಚ್ಛಿಕ ಸಂಖ್ಯೆಗಳ ಉತ್ಪಾದಕವೊಂದು ಆಯ್ಕೆಯನ್ನು ಮಾಡಿತು, ವಿದ್ಯುತ್ ಸಾಧನವು ಅದನ್ನು ಜಾರಿಗೊಳಿಸಿತು. ಎರಡನೆಯ ದರ್ಪಣ ‘ಇದ್ದಾಗ’ ವ್ಯತಿಕರಣ ಕಂಡಿತು, ‘ಇಲ್ಲದಾಗ’ ಕಾಣಲಿಲ್ಲ. ಕ್ವಾಂಟಂ ಸಿದ್ಧಾಂತದ ಲೆಕ್ಕಾಚಾರವೂ ಇದನ್ನೇ ಹೇಳಿತ್ತು. 2017ರಲ್ಲಿ ಇಟಲಿಯ ಪಾದುವಾ ವಿಶ್ವವಿದ್ಯಾಲಯದ ತಂಡವು ಕೃತಕ ಉಪಗ್ರಹಗಳಿಂದ ಬೆಳಕನ್ನು ಪ್ರತಿಫಲಿಸಿ, ಸಾವಿರಾರು ಕಿಲೋಮೀಟರುಗಳ ಅಂತರದಲ್ಲಿಯೂ ಇದನ್ನು ದೃಢಪಡಿಸಿತು.

ಹಾಗಾದರೆ ತಡವಾದ ಆಯ್ಕೆಯು ಹಿಂದಕ್ಕೆ ಹೋಗಿ, ‘ಒಂದೇ ದಾರಿ ಹಿಡಿ’ ಅಥವಾ ‘ಎರಡನ್ನೂ ಹಿಡಿ’ ಎಂದು ಫೋಟಾನಿಗೆ ಆಜ್ಞಾಪಿಸಿತೇ? ಈ ಪ್ರಶ್ನೆಯೊಳಗೆ ಒಂದು ಪೂರ್ವಗ್ರಹ ಅಡಗಿದೆ: ಮೊದಲನೆಯ ದರ್ಪಣದಲ್ಲಿಯೇ ಫೋಟಾನು ಕಣವಾಗುವುದೋ ಅಲೆಯಾಗುವುದೋ ಎಂಬುದನ್ನು ನಿಶ್ಚಯಿಸಿಕೊಂಡಿರಬೇಕು ಎಂಬುದು. ಸಿದ್ಧಾಂತವು ಹಾಗೆ ಹೇಳುವುದೇ ಇಲ್ಲ. ಅದರ ಪ್ರಕಾರ ಮೊದಲ ದರ್ಪಣವನ್ನು ದಾಟಿದ ಸ್ಥಿತಿಯು ಎರಡೂ ಸಂದರ್ಭಗಳಲ್ಲಿ ಒಂದೇ, ಎರಡು ದಾರಿಗಳ ಅಧ್ಯಾರೋಪಿತ ಸ್ಥಿತಿ. ಆಯ್ಕೆಯಿಂದ ವ್ಯತ್ಯಾಸವಾಗುವುದು ಸಂಧಿಸ್ಥಾನದಿಂದ ಮುಂದೆ ನಡೆಯುವುದರಲ್ಲಿ. ಹಿಂದಕ್ಕೆ ಏನನ್ನೂ ಕಳುಹಿಸುವ ಅಗತ್ಯ ಬೀಳುವುದಿಲ್ಲ. ಸ್ವತಃ ವೀಲರ್ ಅವರ ನಿಲುವೂ ಭೂತವು ಬದಲಾಗುತ್ತದೆ ಎಂಬುದಾಗಿರಲಿಲ್ಲ. ದಾಖಲಾಗದ ಫೋಟಾನಿಗೆ ‘ಸಾಗಿದ ದಾರಿ’ಯೊಂದನ್ನು ಆರೋಪಿಸುವುದೇ ತಪ್ಪು ಎಂಬುದು ಅವರ ವಾದ. ಅವರ ಹೆಸರಿನಲ್ಲಿ ಪ್ರಚಾರಗೊಂಡ ಮಾತಿಗಿಂತ ಇದು ಹೆಚ್ಚು ಸಂಯಮದ್ದು, ಹೆಚ್ಚು ಕಠಿಣವಾದದ್ದೂ ಹೌದು.

ವೀಲರ್ ಇದನ್ನು ವಿಶ್ವದ ವಿಸ್ತಾರಕ್ಕೂ ಒಯ್ದರು. 1979ರಲ್ಲಿ ಪತ್ತೆಯಾದ ‘ಅವಳಿ ಕ್ವೇಸಾರ್’ ವಸ್ತುತಃ ಒಂದೇ ಕ್ವೇಸಾರಿನ ಎರಡು ಬಿಂಬಗಳು. ನಡುವಣ ಗೆಲಕ್ಸಿಯ ಗುರುತ್ವವು ಮಸೂರದಂತೆ ವರ್ತಿಸಿ ಬೆಳಕನ್ನು ಎರಡು ಬದಿಗಳಿಂದ ಬಾಗಿಸುತ್ತದೆ. ಶತಕೋಟಿಗಟ್ಟಲೆ ವರ್ಷಗಳ ಹಿಂದೆ ಹೊರಟ ಫೋಟಾನಿನ ವಿಷಯದಲ್ಲಿ ಇಂದು ರಾತ್ರಿ ಆಯ್ಕೆ ಮಾಡಬಹುದಲ್ಲ ಎಂದರು ಅವರು. ಅದನ್ನು ನಡೆಸುವುದು ದುಸ್ಸಾಧ್ಯ: ಆ ಎರಡು ದಾರಿಗಳ ಪಯಣದಲ್ಲಿಯೇ ಒಂದು ವರ್ಷಕ್ಕೂ ಮೀರಿದ, ಸುಮಾರು 417 ದಿನಗಳ ಅಂತರವಿದೆ.

ಇದಕ್ಕಿಂತ ಹೆಚ್ಚು ಗೊಂದಲಕ್ಕೆ ಕಾರಣವಾದದ್ದು ‘ಕ್ವಾಂಟಂ ಅಳಿಸುವಿಕೆ’ಯ ಪ್ರಯೋಗ. ಮಾರ್ಲನ್ ಸ್ಕಲಿ ಮತ್ತು ಕಾಯ್ ಡ್ರೂಲ್ 1982ರಲ್ಲಿ ಇದರ ಕಲ್ಪನೆಯನ್ನು ನೀಡಿದರು. ವಿಳಂಬಿತ ಆಯ್ಕೆಯೊಡನೆ ಕೂಡಿಸಿದ ರೂಪವನ್ನು ಯೂನ್-ಹೋ ಕಿಮ್, ಯಾನ್‌ಹುವಾ ಶೀ, ಸ್ಕಲಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಜೋಡಿ ಸೀಳುಗಳನ್ನು ಹಾಯ್ದ ಲೇಸರ್ ಬೆಳಕು ಹರಳೊಂದನ್ನು ಹೊಗುತ್ತದೆ. ಅಲ್ಲಿ ಕೆಲವು ಫೋಟಾನುಗಳು ಒಡೆದು, ಪರಸ್ಪರ ಹೆಣೆದುಕೊಂಡ ಎರಡೆರಡು ಫೋಟಾನುಗಳಾಗುತ್ತವೆ. ಜೋಡಿಯಲ್ಲಿ ಒಂದು ನೇರವಾಗಿ ಮೊದಲ ಶೋಧಕವನ್ನು ಸೇರಿ ತನ್ನ ಸ್ಥಾನವನ್ನು ದಾಖಲಿಸುತ್ತದೆ. ಇನ್ನೊಂದು ಸುಮಾರು 8 ನ್ಯಾನೊಸೆಕೆಂಡು ತಡವಾಗಿ ದರ್ಪಣಗಳ ಜಾಲವೊಂದನ್ನು ಹೊಕ್ಕು, ನಾಲ್ಕು ಶೋಧಕಗಳಲ್ಲಿ ಒಂದಕ್ಕೆ ಬೀಳುತ್ತದೆ. ಇವುಗಳಲ್ಲಿ ಎರಡು ಶೋಧಕಗಳು ಜೋಡಿಯು ಯಾವ ಸೀಳಿನ ಭಾಗದಿಂದ ಬಂದಿತೆಂಬುದನ್ನು ತಿಳಿಸುತ್ತವೆ. ಉಳಿದೆರಡರಲ್ಲಿ ಆ ಮಾಹಿತಿ ಅಳಿಸಿಹೋಗಿರುತ್ತದೆ. (ಇಲ್ಲಿ ಆಯ್ಕೆ ಮಾಡುವವನು ಮನುಷ್ಯನಲ್ಲ, ದರ್ಪಣಗಳ ಆಕಸ್ಮಿಕತೆ. ಜನಪ್ರಿಯ ನಿರೂಪಣೆಗಳು ಇದನ್ನು ಸಾಮಾನ್ಯವಾಗಿ ಮರೆಯುತ್ತವೆ.) ಅಳಿಸಿಹೋದ ಜೋಡಿಗಳನ್ನಷ್ಟೇ ಆರಿಸಿದಾಗ ಮೊದಲ ಶೋಧಕದ ದಾಖಲೆಯಲ್ಲಿ ವ್ಯತಿಕರಣದ ಪಟ್ಟೆಗಳು ಕಾಣುತ್ತವೆ, ಮಾಹಿತಿ ಉಳಿದ ಜೋಡಿಗಳನ್ನು ಆರಿಸಿದಾಗ ಕಾಣುವುದಿಲ್ಲ.

ನಿರ್ಣಾಯಕ ಅಂಶ ಇರುವುದು ಮುಂದೆ. ಅಳಿಸುವ ಎರಡು ಶೋಧಕಗಳು ಕೊಡುವ ಪಟ್ಟೆಗಳು ಒಂದೇ ಬಗೆಯವಲ್ಲ. ಒಂದರ ಬೆಳಕಿನ ಪಟ್ಟೆ ಇರುವಲ್ಲಿ ಇನ್ನೊಂದರ ಕತ್ತಲೆ ಇದೆ. ಎರಡನ್ನೂ ಕೂಡಿಸಿದರೆ ಪಟ್ಟೆಗಳು ಮಾಯವಾಗುತ್ತವೆ. ಆದಕಾರಣ ಮೊದಲ ಶೋಧಕದ ಒಟ್ಟು ದಾಖಲೆಯಲ್ಲಿ ಪಟ್ಟೆಗಳು ಎಂದಿಗೂ ಇರುವುದಿಲ್ಲ. ಜೊತೆಯ ಫೋಟಾನುಗಳ ಗತಿ ಏನಾದರೂ ಆಗಲಿ, ಆ ದಾಖಲೆಯ ವಿನ್ಯಾಸ ಒಂದೇ. ಅಂಗಡಿಯ ಖಿರ್ದಿ ಪುಸ್ತಕವನ್ನು ಇಲ್ಲಿ ನೆನೆಯಬಹುದು. ಬೆಳಗ್ಗೆ ಬರೆದ ಬಾಬುಗಳನ್ನು ಸಂಜೆ ಬೇರೆ ಬೇರೆ ಖಾತೆಗಳಿಗೆ ಹಂಚಿದಾಗ ಒಂದೊಂದು ಖಾತೆಯಲ್ಲಿ ಒಂದೊಂದು ಚಿತ್ರ ಮೂಡುತ್ತದೆ. ಬೆಳಗಿನ ಬರಹದ ಒಂದಕ್ಷರವೂ ಬದಲಾಗಿರುವುದಿಲ್ಲ. ಭೂತಕಾಲಕ್ಕೆ ಸಂದೇಶ ಕಳುಹಿಸಲು ಈ ಪ್ರಯೋಗದಲ್ಲಿ ಎಡೆಯಿಲ್ಲದಿರುವುದೂ ಇದರಿಂದಲೇ. ಹಂಚಿಕೆಯ ಪಟ್ಟಿ ಕೈಗೆ ಬರುವ ತನಕ ಪಟ್ಟೆಗಳನ್ನು ಹುಡುಕಿ ತೆಗೆಯುವ ಉಪಾಯವಿಲ್ಲ, ಆ ಪಟ್ಟಿ ಬರುವುದು ಎರಡನೆಯ ಫೋಟಾನು ದಾಖಲಾದ ಮೇಲೆಯೇ.

ಈ ಹೋಲಿಕೆಗೂ ಒಂದು ಮಿತಿಯಿದೆ. ಖಿರ್ದಿಯ ಪ್ರತಿಯೊಂದು ಬಾಬೂ ತಾನು ಸೇರಬೇಕಾದ ಖಾತೆಯನ್ನು ಮೊದಲೇ ಹೊತ್ತಿರುತ್ತದೆ. ಹೆಣೆದುಕೊಂಡ ಫೋಟಾನುಗಳ ಎಲ್ಲ ವರ್ತನೆಯನ್ನೂ ಅಂಥ ಪೂರ್ವನಿಶ್ಚಿತ, ಸ್ಥಳೀಯ ಗುಣಗಳಿಂದ ವಿವರಿಸಲಾಗದೆಂದು ಜಾನ್ ಬೆಲ್ 1964ರಲ್ಲಿ ತೋರಿಸಿದರು; ಇದನ್ನು ಪ್ರಯೋಗದಿಂದ ಸ್ಥಾಪಿಸಿದ ಜಾನ್ ಕ್ಲೌಸರ್, ಆಸ್ಪೆ, ಆಂಟನ್ ಸೈಲಿಂಗರ್ ಅವರಿಗೆ 2022ರ ನೊಬೆಲ್ ಪುರಸ್ಕಾರ ಸಂದಿತು. ಹಿಮ್ಮುಖ ಕಾರಣತ್ವದ ಗಂಭೀರ ಪ್ರತಿಪಾದಕರು ಪ್ರವೇಶಿಸುವುದು ಈ ಬಾಗಿಲಿನಿಂದ. ಕಣದ ಗುಪ್ತ ಗುಣಗಳು ಮುಂದೆ ನಡೆಯಲಿರುವ ಮಾಪನದ ಆಯ್ಕೆಯನ್ನು ಅವಲಂಬಿಸಿಲ್ಲವೆಂಬುದು ಬೆಲ್ ಪ್ರಮೇಯದ ಊಹೆಗಳಲ್ಲಿ ಒಂದು. ಅದನ್ನು ಕೈಬಿಟ್ಟರೆ, ದೂರದಿಂದ ದೂರಕ್ಕೆ ತತ್‌ಕ್ಷಣ ತಲಪುವ ಪ್ರಭಾವವನ್ನು ಒಪ್ಪಬೇಕಾಗಿಲ್ಲ. ಫ್ರಾನ್ಸಿನ ಒಲಿವಿಯೆ ಕೊಸ್ತಾ ದ ಬೋರ್‌ಗಾರ್ 1950ರ ದಶಕದಲ್ಲಿಯೇ ಈ ದಿಕ್ಕಿನಲ್ಲಿ ಯೋಚಿಸಿದ್ದರು. ಆಸ್ಟ್ರೇಲಿಯಾದ ತತ್ತ್ವಜ್ಞ ಹ್ಯೂ ಪ್ರೈಸ್ 1996ರ ತಮ್ಮ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ಸಮರ್ಥಿಸಿದರು. ಯಾಕಿರ್ ಅಹರೊನೊವ್ ಮತ್ತು ಸಹೋದ್ಯೋಗಿಗಳು 1964ರಲ್ಲಿ ರೂಪಿಸಿದ ಗಣಿತವಂತೂ ಎರಡು ಮಾಪನಗಳ ನಡುವಣ ಕಾಲವನ್ನು ಹಿಂದಿನ ಮತ್ತು ಮುಂದಿನ ಫಲಿತಾಂಶಗಳೆರಡರಿಂದಲೂ ಸಮಾನವಾಗಿ ವರ್ಣಿಸುತ್ತದೆ.

ಇವರಾರೂ ದಾಖಲಾದ ಘಟನೆಯೊಂದು ತಿದ್ದಲ್ಪಡುತ್ತದೆಂದು ಹೇಳುವುದಿಲ್ಲ. ಮುಂದಿನದು ಹಿಂದಿನದನ್ನು ರೂಪಿಸುವುದರಲ್ಲಿ ಪಾಲ್ಗೊಳ್ಳಬಹುದು ಎಂಬಷ್ಟೇ ಅವರ ವಾದ. ಒಮ್ಮೆ ಆದದ್ದು ಆದಂತೆಯೇ ಇರುತ್ತದೆ, ಅದಕ್ಕೆ ಎರಡನೆಯ ಆವೃತ್ತಿಯಿಲ್ಲ. ಪ್ರಭಾವಿಸುವುದು ಬೇರೆ, ಬದಲಿಸುವುದು ಬೇರೆ ಎಂಬ ಈ ಸೂಕ್ಷ್ಮವನ್ನು ಬಿಟ್ಟುಕೊಟ್ಟದ್ದರಿಂದಲೇ ಜನಪ್ರಿಯ ಚರ್ಚೆ ಹಳಿ ತಪ್ಪಿತು. ಇಂಥ ವ್ಯಾಖ್ಯಾನಗಳು ಸಾಮಾನ್ಯ ಕ್ವಾಂಟಂ ಸಿದ್ಧಾಂತದ ಭವಿಷ್ಯನುಡಿಗಳನ್ನೇ ಪುನರುಚ್ಚರಿಸುವವರೆಗೆ, ಕಾಶಾನ್‌ನ ಪ್ರಯೋಗವಾಗಲಿ ಉಪಗ್ರಹದ ಪ್ರಯೋಗವಾಗಲಿ ಅವುಗಳ ಪರವಾಗಿಯೂ ವಿರುದ್ಧವಾಗಿಯೂ ಸಾಕ್ಷಿ ನುಡಿಯಲಾರದು.